ಡ್ರಿಲ್ ಮೇಡಂ ಹೊಸ ಆಲ್ಬಂ ಒಪ್ಪಿಕೊಂಡದ್ದು

ಶ್ರದ್ಧಾಂಜಲಿ ಸಭೆಯಲ್ಲಿ ಮೂವರು ಮಾತಾಡಿದರು, ಮೂವರೂ ಸುಳ್ಳು ಹೇಳಿದರು. ಮೊದಲನೆಯವರು ಆಕೆಯದು ಶಾಂತ ಸ್ವಭಾವ ಎಂದರು. ಎರಡನೆಯವರು ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು ಎಂದರು. ಮೂರನೆಯವರು ನಮ್ಮ ಹಿಂದಿನ ಹೆಡ್‌ಮಾಸ್ಟರು, ಈಗ ನಿವೃತ್ತರು. ಅವರು ಗಂಟಲು ಸರಿಮಾಡಿಕೊಂಡು, "ಹಳೇ ಕಾಲದವರಾದರೂ ಹೊಸದನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸು. ನಾನು ಒಂದು ಮಾತು ಹೇಳಿದ್ದಕ್ಕೆ ಅಷ್ಟು ವರ್ಷದ ಕ್ಯಾಸೆಟ್ಟನ್ನು ಪಕ್ಕಕ್ಕಿಟ್ಟು ರೀಮಾಸ್ಟರ್ ಆದ ಆಲ್ಬಂ ಹಾಕಿಸಿದರು" ಎಂದರು. ಜನ ತಲೆದೂಗಿದರು. ನನಗೆ ಮೈ ಉರಿದುಹೋಯಿತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ, ಆಗಲಿ. ಆದರೆ ಇಲ್ಲದ ಒಳ್ಳೆಯದನ್ನು ಆಡಬಹುದು ಅಂತ ಯಾರು ಹೇಳಿದರು? ನಾನು ಎದ್ದು ನಿಲ್ಲುವಷ್ಟರಲ್ಲಿ ವಂದನಾರ್ಪಣೆಯವರು ಮೈಕು ಹಿಡಿದುಬಿಟ್ಟಿದ್ದರು. ಆಮೇಲೆ ಉಪ್ಪಿಟ್ಟು ಬಂತು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸದುರ್ಗ ತಾಲ್ಲೂಕಿನ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಆಕೆ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳಿಗೆ, ಊರಿಗೆ, ಟಪಾಲಿನವನಿಗೆ ಕೂಡ ಡ್ರಿಲ್ ಮೇಡಂ. ನಾನು ಗಣಿತ ಹೇಳಲು ಅಲ್ಲಿಗೆ ಹೋದಾಗ ಆಕೆ ಆಗಲೇ ಹಳಬರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಕೊರಳಲ್ಲಿ ತಾಳಿಯ ಪಕ್ಕಕ್ಕೇ ಕಪ್ಪು ದಾರದ ವಿಷಲ್ಲು. ಸಹೋದ್ಯೋಗಿಗಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾನು ಗಣಿತ, ಆಚೆ ಮೇಜಿನವರು ಹಿಂದಿ, ಬಾಗಿಲ ಹತ್ತಿರದವರು ವಿಜ್ಞಾನ. "ಏನವ್ವ ಗಣಿತ, ಇವತ್ತು ಮುಖ ಯಾಕೆ ಭಾಗಾಕಾರ ಆಗೈತೆ?" ಅಂತ ಬೆಳಿಗ್ಗೆ ಬೆಳಿಗ್ಗೆ ಕೆಣಕುತ್ತಿದ್ದರು. ಪಕ್ಕದಲ್ಲಿ ಕೂತವರಿಗೆಲ್ಲ ನಗು ಬರುತ್ತಿತ್ತು, ನನಗೆ ಸಿಟ್ಟು.

ಶಾಂತ ಸ್ವಭಾವವೆಂದರಲ್ಲ, ಅದಕ್ಕೊಂದು ಉದಾಹರಣೆ ಕೊಡುತ್ತೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದರೆ ಎಲ್ಲ ಶಾಲೆಗಳಲ್ಲೂ ಮೊದಲು ಹೋಗುವುದು ಆಟದ ಪೀರಿಯಡ್. ಗಣಿತದವರು ಕೇಳುತ್ತಾರೆ, ಡ್ರಿಲ್ಲಿನವರು ಕೊಡುತ್ತಾರೆ, ಅದು ನಡೆದುಕೊಂಡು ಬಂದ ಪದ್ಧತಿ. ನಾನೂ ಮೊದಲ ವರ್ಷ ಹೋಗಿ ಕೇಳಿದೆ.

"ಪೋರ್ಷನ್ ಉಳಿದೈತೆ ಅಕ್ಕಾ, ನಿಮ್ಮ ಪೀರಿಯಡ್ ಕೊಡ್ರಿ."

"ಕೊಡ್ತೀನಿ ತಗಾ. ನಾಳೆ ನಿನ್ನ ಪೀರಿಯಡ್ ನನಗೆ ಕೊಡು. ಖೋಖೋದು ಪೋರ್ಷನ್ ಉಳಿದೈತೆ."

ತಮಾಷೆ ಅಂದುಕೊಂಡೆ. ಮಾರನೆಯ ದಿನ ನಾನು ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದಾಗ ಬಾಗಿಲಲ್ಲಿ ವಿಷಲ್ಲು ಕೇಳಿಸಿತು. ಇಡೀ ಕ್ಲಾಸು ಚಪ್ಪಲಿ ಹುಡುಕದೆ ಮೈದಾನಕ್ಕೆ ಓಡಿತು. ನಾನು ಸೀಮೆಸುಣ್ಣ ಹಿಡಿದು ಖಾಲಿ ಬೆಂಚುಗಳನ್ನು ನೋಡುತ್ತ ನಿಂತೆ. ಆಮೇಲೆ ನಾನು ಯಾವತ್ತೂ ಆ ಪೀರಿಯಡ್ ಕೇಳಲಿಲ್ಲ. ಹಿಂದಿಯವರೂ ಕೇಳಲಿಲ್ಲ.

ಆಕೆ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯವರು, ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ಅಪ್ಪ ಅವ್ವನ ಜೊತೆ ಕುರಿ ಹೊಡೆದುಕೊಂಡು ಧರ್ಮಪುರದ ಆಚೆಗೂ ನಡೆದವರು. ಆ ದಿನಗಳ ಬಗ್ಗೆ ಬಣ್ಣ ಕಟ್ಟಿ ಹೇಳುತ್ತಿರಲಿಲ್ಲ, ಕಾಲು ನೋವು ಮತ್ತು ಮುಳ್ಳಿನ ಬಗ್ಗೆ ಮಾತ್ರ ಹೇಳುತ್ತಿದ್ದರು. ಒಮ್ಮೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು, ಓಟದಲ್ಲಿ ಗೆಲ್ಲುವ ಹುಡುಗರನ್ನು ಆರಿಸಿಕೊಂಡು ಅವರಿಗೆ ಮಾತ್ರ ತರಬೇತಿ ಕೊಟ್ಟರೆ ಶಾಲೆಗೆ ಹೆಸರು ಬರುತ್ತದೆ ಎಂದಿದ್ದರು. ಆಕೆ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಮುಂದಿನ ಕುರಿ ತಾನೇ ಹೋಗ್ತೈತ್ರಿ. ಹಿಂದಿಂದಕ್ಕೇ ಕುರುಬ ಬೇಕಾಗಿರೋದು."

ಈಗ ಕ್ಯಾಸೆಟ್ಟಿನ ಕಥೆಗೆ ಬರುತ್ತೇನೆ. ಹೆಡ್‌ಮಾಸ್ಟರು ಬಾಯಿ ಚಪ್ಪರಿಸಿ ಹೇಳಿದರಲ್ಲ, ಅದೇ ಕ್ಯಾಸೆಟ್ಟು.

ಆಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಮೂಹಿಕ ಕವಾಯತಿಗೆ ಒಂದು ಸಂಗೀತ ಬೇಕಾಗಿತ್ತು. ಯಾವುದೋ ಹಳೆಯ ಐತಿಹಾಸಿಕ ಸಿನಿಮಾದ್ದು, ಹಾಡುಗಳಿಲ್ಲದ, ಬರೀ ಹಿನ್ನೆಲೆ ಸಂಗೀತದ ದೊಡ್ಡ ರೆಕಾರ್ಡೊಂದು ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕದ ಕ್ಯಾಸೆಟ್ ಅಂಗಡಿಯಲ್ಲಿತ್ತು. ಸೈನ್ಯ ನಡೆದು ಬರುವ ದೃಶ್ಯದ ಸಂಗೀತ. ಅದು ಉದ್ದವಾದ್ದರಿಂದ ರೆಕಾರ್ಡಿನ ಒಂದು ಮಗ್ಗುಲಲ್ಲಿ ಶುರುವಾಗಿ ಇನ್ನೊಂದು ಮಗ್ಗುಲಲ್ಲಿ ಮುಗಿಯುತ್ತಿತ್ತು. ಅಂಗಡಿಯವನು ಅದನ್ನು ಕ್ಯಾಸೆಟ್ಟಿಗೆ ತುಂಬಿಕೊಟ್ಟ. ಅವನ ರೆಕಾರ್ಡ್ ಪ್ಲೇಯರಿನ ಬೆಲ್ಟು ಸಡಿಲವಿತ್ತೋ ಏನೋ, ಸಂಗೀತ ಒಂದು ಗೇಣು ನಿಧಾನ. ಅದು ಸಾಲದೆಂಬಂತೆ ರೆಕಾರ್ಡು ತಿರುವಿ ಹಾಕುವಾಗ ಟೇಪು ನಿಲ್ಲಿಸುವುದನ್ನು ಆ ಪುಣ್ಯಾತ್ಮ ಮರೆತ. ಹಾಗಾಗಿ ನಡುವೆ ಸಂಗೀತ ಕಡಿದುಹೋಗಿ ಬರೀ ಸುಯ್ ಅನ್ನುವ ಸದ್ದು, ಕೊನೆಗೆ ಮುಳ್ಳು ಬಿದ್ದ ಟಪ್, ಆಮೇಲೆ ಮತ್ತೆ ಸೈನ್ಯ.

ಬೇರೆಯವರಾಗಿದ್ದರೆ ಮತ್ತೆ ಹೋಗಿ ಸರಿಯಾಗಿ ತುಂಬಿಸಿಕೊಂಡು ಬರುತ್ತಿದ್ದರು. ಈಕೆ ಆ ತಪ್ಪನ್ನು ಹಾಗೇ ಇಟ್ಟುಕೊಂಡು ಅದರ ಮೇಲೇ ಕವಾಯತು ಕಟ್ಟಿದರು. ಮೊದಲ ಭಾಗದಲ್ಲಿ ಮಕ್ಕಳು ಮೈದಾನದ ನಾಲ್ಕು ಮೂಲೆಯಿಂದ ನಡುವಿಗೆ ಬಂದು ಚಕ್ರವಾಗಿ ನಿಲ್ಲಬೇಕು. ಸಂಗೀತ ನಿಂತಾಗ ಎಲ್ಲರ ಕೈ ಮೇಲೆ. ಟಪ್ ಅಂದಾಗ ಕೈ ಕೆಳಗೆ, ಚಕ್ರ ತಿರುಗಲು ಶುರು. ನಡುವಿನ ಆ ಬಿಡುವಿನಲ್ಲಿ ಹಿಂದೆ ಬಿದ್ದವರು, ದಪ್ಪಗಿದ್ದವರು, ಎಡಬಲ ಮರೆತವರು, ಉಬ್ಬಸದವರು ಬಂದು ತಮ್ಮ ಜಾಗ ಸೇರಿಕೊಳ್ಳುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಗು ಮೈದಾನದಲ್ಲೂ ಇರಬೇಕು ಅನ್ನುವುದು ಆಕೆಯ ಕಟ್ಟಳೆ.

ನೋಡುವವರಿಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ಸಲ ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಗೆ ಬಂದಿದ್ದ ಊರಿನ ನಿವೃತ್ತ ಸೈನಿಕರೊಬ್ಬರು, ಮಕ್ಕಳು ಕೈ ಎತ್ತಿಕೊಂಡು ಮೌನವಾಗಿ ನಿಂತದ್ದನ್ನು ಕಂಡು, ಇದು ಹುತಾತ್ಮರಿಗೆ ಸಲ್ಲಿಸುವ ಗೌರವ ಅಂದುಕೊಂಡು ಎದ್ದು ನಿಂತರು. ಅವರನ್ನು ನೋಡಿ ಪಕ್ಕದವರು ನಿಂತರು. ಅಲ್ಲಿಂದಾಚೆಗೆ ಪ್ರತಿವರ್ಷ ಸಂಗೀತ ನಿಂತ ಕೂಡಲೆ ಊರಿಗೆ ಊರೇ ಏಳುವುದು ಪದ್ಧತಿಯಾಯಿತು. "ನಿಜ ಹೇಳಬಾರದಾ ಅಕ್ಕ?" ಅಂತ ನಾನು ಕೇಳಿದ್ದೆ. "ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಎದ್ದು ನಿಂತ್ರೆ ಅವರ ಕಾಲಿಗೂ ಒಳ್ಳೇದು ಬಿಡು" ಎಂದರು.

ಆಕೆಗೆ ದುರಾಸೆ ಇರಲಿಲ್ಲ ಅಂತಲೂ ಸಭೆಯಲ್ಲಿ ಹೇಳಿದರು. ಇತ್ತು ಸ್ವಾಮಿ, ಚೆನ್ನಾಗಿಯೇ ಇತ್ತು. ಗಣರಾಜ್ಯೋತ್ಸವದ ದಿನ ತಾಲ್ಲೂಕು ಮೈದಾನದಲ್ಲಿ ಕವಾಯತಿಗೆ ಮೊದಲ ಬಹುಮಾನ ತರಬೇಕು ಅನ್ನುವುದು ಆಕೆಯ ಬಹುಕಾಲದ ಆಸೆ. ಸ್ಟಾಫ್ ರೂಮಿನ ಗಾಜಿನ ಬೀರುವಿನಲ್ಲಿ ಸಮಾಧಾನಕರ ಬಹುಮಾನದ ಲೋಟಗಳನ್ನು ಎರಡೂ ಪಕ್ಕಕ್ಕೆ ಸರಿಸಿ ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ಯಾರಾದರೂ ಚಹಾದ ಫ್ಲಾಸ್ಕ್ ಇಟ್ಟರೆ ಕೆಂಡವಾಗುತ್ತಿದ್ದರು. ಬಹುಮಾನ ಬರುತ್ತಿರಲಿಲ್ಲ. ಸಾಲು ನೆಟ್ಟಗಿಲ್ಲ, ಕೊಟ್ಟ ಸಮಯ ಮೀರಿತು, ನಡುವೆ ಸಂಗೀತ ನಿಂತಿತು, ಹೀಗೆ ತೀರ್ಪುಗಾರರಿಗೆ ಪ್ರತಿವರ್ಷ ಅವೇ ಕಾರಣಗಳು. ಆಕೆ ವಾಪಸ್ ಬರುವಾಗ ಬಸ್ಸಿನಲ್ಲಿ ತೀರ್ಪುಗಾರರಿಗೆ ಬೈದುಕೊಂಡು ಬರುತ್ತಿದ್ದರು. ಬೈಗುಳಗಳು ಇಲ್ಲಿ ಬರೆಯುವಂಥವಲ್ಲ.

ಆಕೆಯ ನಿವೃತ್ತಿಯ ವರ್ಷ ಅದು. ಡಿಸೆಂಬರಿನ ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಹೊಳಲ್ಕೆರೆಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟವನು, ನಮ್ಮ ತಾಲ್ಲೂಕು ಮೈದಾನದ ಕಾರ್ಯಕ್ರಮಗಳಿಗೂ ಅವನದೇ ಸೌಂಡು. ಕವಾಯತಿನಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿದ್ದ ಚೂಟಿ ಹುಡುಗ, ಈಗ ಹೊಟ್ಟೆ ಬಂದಿದೆ.

"ಮೇಡಂ, ನಿಮ್ಮ ಸಿನಿಮಾದ ಮ್ಯೂಸಿಕ್ಕು ರೀಮಾಸ್ಟರ್ ಆಗಿ ಬಂದೈತೆ. ಮೂಲ ಟೇಪು ಹುಡುಕಿ ತೊಳ್ದು ಹಿಂಡಿ ಒಣಗಿಸಿದಂಗೆ ಮಾಡವ್ರೆ. ಒಂದ್ಸಲ ಕೇಳ್ರಿ. ಕೇಳಿದ್ಮ್ಯಾಲೆ ಹಳೇದು ಮುಟ್ಟಲ್ಲ ನೀವು."

ಸ್ಟಾಫ್ ರೂಮಿನಲ್ಲಿ ಸ್ಪೀಕರ್ ಪೆಟ್ಟಿಗೆ ಇಟ್ಟು ಮೊಬೈಲಿನಿಂದ ಹಾಕಿದ. ನಾನು ಅಲ್ಲೇ ಇದ್ದೆ, ಹೆಡ್‌ಮಾಸ್ಟರೂ ಬಾಗಿಲಲ್ಲಿ ಬಂದು ನಿಂತರು. ಸಂಗೀತ ಶುರುವಾದಾಗ ಡ್ರಿಲ್ ಮೇಡಂ ಕೈಲಿದ್ದ ವಾಲಿಬಾಲನ್ನು ಕೆಳಗಿಟ್ಟರು. ನಮ್ಮ ಕ್ಯಾಸೆಟ್ಟಿನಲ್ಲಿ ಒಂದು ಮುದ್ದೆಯಾಗಿ ಕೇಳುತ್ತಿದ್ದದ್ದು ಈಗ ಬಿಡಿ ಬಿಡಿಯಾಗಿ ಬಂತು. ಕಹಳೆ ಬೇರೆ, ನಗಾರಿ ಬೇರೆ. ಅವುಗಳ ಅಡಿಯಲ್ಲಿ ಒಂದು ಕೊಳಲು ಇತ್ತು. ನಾವು ಯಾರೂ ಯಾವತ್ತೂ ಅದನ್ನು ಕೇಳಿರಲಿಲ್ಲ.

"ಇದ್ರೊಳಗೆ ಕೊಳಲೈತೇನೋ?" ಎಂದರು.

"ಮೊದಲಿಂದ್ಲೂ ಐತೆ ಮೇಡಂ. ನಮ್ಮ ಟೇಪಲ್ಲಿ ಮುಚ್ಚಿಹೋಗಿತ್ತು."

ಆಕೆ ಕಿಟಕಿಯ ಕಡೆ ತಿರುಗಿಕೊಂಡು ಪೂರ್ತಿ ಕೇಳಿದರು. ನಡುವೆ ನಿಲುಗಡೆ ಇರಲಿಲ್ಲ, ಟಪ್ ಇರಲಿಲ್ಲ. ಸೈನ್ಯ ಸರಾಗವಾಗಿ ಬಂದು ಸರಾಗವಾಗಿ ಹೋಯಿತು. ಮುಗಿದ ಮೇಲೆ ಮೂಗು ಒರೆಸಿಕೊಂಡು ನನಗೆ, "ಇಷ್ಟು ವರ್ಷ ಮಕ್ಕಳಿಗೆ ಅರ್ಧ ಸಂಗೀತ ಕೇಳ್ಸೀನಿ ಕಣವ್ವ ಗಣಿತ" ಎಂದರು. ನನಗೂ ಕಣ್ಣು ಒದ್ದೆಯಾಗಿತ್ತು.

ಮಾರನೆಯ ದಿನದಿಂದ ಹೊಸ ಸಂಗೀತಕ್ಕೆ ಅಭ್ಯಾಸ. ಅಭ್ಯಾಸದಲ್ಲಿ ಬಣ್ಣ ಬಯಲಾಯಿತು. ಅದರ ವೇಗ ನಮ್ಮ ಕ್ಯಾಸೆಟ್ಟಿನದಲ್ಲ. ಮುಂದಿನ ಸಾಲಿನವರು ರೆಕ್ಕೆ ಬಂದವರ ಹಾಗೆ ಬಂದು ನಿಂತರು. ಹಿಂದಿನವರು ಇನ್ನೂ ಮೂಲೆಯಲ್ಲಿರುವಾಗಲೇ ಚಕ್ರ ತಿರುಗಿತು, ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಬಿದ್ದರು. ಒಂಬತ್ತನೇ ಕ್ಲಾಸಿನ ಚಂದ್ರಿಕಾ ಎಂಬ ಹುಡುಗಿಯ ಎಡಗಾಲು ಹುಟ್ಟಿನಿಂದಲೇ ಸಣ್ಣದು, ಅವಳು ಅರ್ಧ ದಾರಿಯಲ್ಲೇ ನಿಂತುಬಿಟ್ಟಳು. ಸುತ್ತ ಎಲ್ಲರೂ ತಿರುಗುತ್ತಿದ್ದರು, ಅವಳು ನಡುವೆ ಎತ್ತ ಹೋಗಬೇಕೆಂದು ತಿಳಿಯದೆ ಕೈ ಎತ್ತಿಕೊಂಡೇ ಇದ್ದಳು.

ಹೆಡ್‌ಮಾಸ್ಟರಿಗೆ ಮುಂದಿನ ಸಾಲುಗಳು ಮಾತ್ರ ಕಂಡವು. ಹಿಗ್ಗಿಹೋದರು.

"ಮೇಡಂ, ಈ ಸಲ ಫಸ್ಟ್ ಪ್ರೈಜ್ ನಮ್ದೇ. ಚೆನ್ನಾಗಿ ಮಾಡೋ ಮಕ್ಕಳನ್ನಷ್ಟೇ ಆರಿಸ್ಕಳ್ರಿ. ಉಳಿದೋರು ಮರದ ಕೆಳಗೆ ಕುಂತು ಚಪ್ಪಾಳೆ ಹೊಡೀಲಿ. ನೀವು ರಿಟೈರ್ ಆಗೋ ವರ್ಷ, ಕಪ್ ಹಿಡ್ಕಂಡು ಹೋಗ್ರಿ."

ಅವರದು ಕೆಟ್ಟ ಉದ್ದೇಶವೆಂದು ನಾನು ಹೇಳುವುದಿಲ್ಲ. ಕಪ್ಪು ಆಕೆಗೂ ಬೇಕಿತ್ತು, ಅದು ಅವರಿಗೆ ಗೊತ್ತಿತ್ತು. ಆಯ್ಕೆ ಸರಳವಾಗಿತ್ತು. ಹೊಸ ಆಲ್ಬಮ್ಮಿಗೆ ಹೋದರೆ ಬಹುಮಾನ, ಅರ್ಧ ಶಾಲೆ ಮರದ ಕೆಳಗೆ. ಹಳೆಯ ಕ್ಯಾಸೆಟ್ಟಿಗೇ ಅಂಟಿಕೊಂಡರೆ ಎಲ್ಲರೂ ಮೈದಾನದಲ್ಲಿ, ಬಹುಮಾನ ಬೇರೆಯವರಿಗೆ. ಯೋಚಿಸಿ ಹೇಳುತ್ತೇನೆ ಎಂದರು ಆಕೆ. ಯಾವುದನ್ನೂ ಯೋಚಿಸಿ ಹೇಳುವವರಲ್ಲ, ಮುಖಕ್ಕೆ ಹೊಡೆದ ಹಾಗೆ ಆಗಲೇ ಹೇಳುವವರು. ಅದನ್ನು ಕೇಳಿ ನನಗೆ ಭಯವಾಯಿತು.

ಒಂದೆರಡು ದಿನ ಆಕೆಯ ಚಹಾ ಬಸಿಯಲ್ಲೇ ಆರಿಹೋಗುತ್ತಿತ್ತು. ಮೈಕ್‌ಸೆಟ್ಟಿನ ಹುಡುಗ ಮತ್ತೆ ಬಂದವನು ಒಂದು ದಾರಿ ತೋರಿಸಿದ. "ಕಂಪ್ಯೂಟರಲ್ಲಿ ಮಧ್ಯಕ್ಕೆ ಒಂದು ಗ್ಯಾಪ್ ಹಾಕ್ಕೊಡ್ತೀನಿ ಮೇಡಂ. ಟಪ್ ಅನ್ನೋ ಸೌಂಡೂ ಸೇರಿಸ್ತೀನಿ, ಹಳೇದ್ರಂಗೇ ಇರ್ತೈತೆ."

"ಎಷ್ಟೊತ್ತಿನ ಗ್ಯಾಪು?"

"ಹಳೇದ್ರಲ್ಲಿ ಎಷ್ಟಿತ್ತೋ ಅಷ್ಟು."

"ಅಷ್ಟೇ ಯಾಕೆ?"

"ನಮ್ಮ ಕೈ ನೋಯ್ತಿತ್ತು ಮೇಡಂ, ಅಷ್ಟೇ ನೆನಪೈತೆ" ಅಂತ ಹುಡುಗ ನಕ್ಕ. ಆಕೆ ನಗಲಿಲ್ಲ. "ನಿಮ್ಮ ಕೈ ನೋಯ್ತಿತ್ತು. ಅಷ್ಟೊತ್ತಿಗೆ ಹಿಂದಿನೋರು ಬರ್ತಿದ್ರು. ಅದೇನು ಪುಕ್ಕಟೆ ಬರ್ತಿತ್ತು ಅಂದ್ಕಂಡಿದ್ದೇನು?" ಎಂದು ಅವನನ್ನು ಆಚೆಗೆ ಕರೆದುಕೊಂಡು ಹೋದರು. ಗೇಟಿನ ಹತ್ತಿರ ಇಬ್ಬರೂ ಬಹಳ ಹೊತ್ತು ಮಾತಾಡಿದ್ದು ಕಿಟಕಿಯಿಂದ ಕಂಡಿತು. ಏನೆಂದು ಕೇಳಿಸಲಿಲ್ಲ.

ನಾನು ಬಿಡಲಿಲ್ಲ, ಮಧ್ಯಾಹ್ನ ಮೈದಾನದ ಬೇವಿನ ಮರದ ಕೆಳಗೆ ಆಕೆಯನ್ನು ಹಿಡಿದುಕೊಂಡೆ. "ಹಳೇದೇ ಇರಲಿ ಅಕ್ಕ. ಇಷ್ಟು ವರ್ಷ ಬರದ ಕಪ್ಪು ಈಗ್ಯಾಕೆ? ಆ ಕ್ಯಾಸೆಟ್ಟು ನಮ್ಮ ಶಾಲೇದು, ಅದ್ರಲ್ಲಿ ನಮ್ಮ ಮಕ್ಕಳಿಗೆ ಜಾಗ ಇತ್ತು."

"ಏನು ಜಾಗ ಇತ್ತು?" ಅಂತ ನನ್ನ ಮೇಲೇ ತಿರುಗಿದರು. "ಟಪ್ ಅನ್ನೋವಾಗ ಇನ್ನೂ ದಾರೀಲಿದ್ದೋರು ಎಷ್ಟು ಜನ ಅಂತ ನೋಡಿದೀಯಾ ನೀನು? ನಾನು ನೋಡಿದೀನಿ, ಪ್ರತಿ ವರ್ಷ ನೋಡಿದೀನಿ. ಅಂಗಡಿಯೋನು ತಪ್ಪು ಮಾಡಿದಷ್ಟೇ ಹೊತ್ತು ನಮಗೆ ಸಿಕ್ಕಿದ್ದು. ಒಬ್ಬಿಬ್ಬರು ಉಳೀತಾನೇ ಇದ್ರು. ಟೇಪು ಯಾರಿಗೂ ಕಾಯಲ್ಲ ಕಣವ್ವ. ನೀನು ಅದನ್ನ ದೇವರ ಮುಂದೆ ಇಟ್ಟು ಪೂಜೆ ಮಾಡ್ಕ, ನನಗೆ ಬ್ಯಾಡ."

ಅವತ್ತೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ, "ಆಯ್ತು ಸರ್, ಹೊಸದೇ ಹಾಕಣ" ಎಂದರು. ಸಭೆಯಲ್ಲಿ ಹೆಡ್‌ಮಾಸ್ಟರು ಹೇಳಿದ್ದು ಇಷ್ಟನ್ನು ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಅದು ಸತ್ಯವೇ, ಅದಕ್ಕೇ ಅದು ಅಷ್ಟು ದೊಡ್ಡ ಸುಳ್ಳು.

ನನಗೆ ತಡೆಯಲಾಗಲಿಲ್ಲ. ಬಾಯಲ್ಲಿ ಹಿಂದಿನ ಕುರಿಯ ಮಾತು, ಕಪ್ಪು ಕಂಡ ಕೂಡಲೆ ಮುಂದಿನ ಸಾಲು, ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆಕೆ "ಏನವ್ವ ಗಣಿತ" ಅಂದರೆ ಹೂಂ ಕೂಡ ಅನ್ನಲಿಲ್ಲ. ಮಧ್ಯಾಹ್ನದ ಅಭ್ಯಾಸದಲ್ಲಿ ಆರಿಸಿದ ಮಕ್ಕಳು ಮಾತ್ರ ಓಡುತ್ತಿದ್ದರು. ಚಂದ್ರಿಕಾ ಮತ್ತು ಉಳಿದವರು ಬೇವಿನ ಮರದ ಕೆಳಗೆ ನೀರಿನ ಬಿಂದಿಗೆ ಇಟ್ಟುಕೊಂಡು ಕೂತಿರುತ್ತಿದ್ದರು. ಅವರ ಮುಖ ನೋಡಲಾರದೆ ಕಾರಿಡಾರಿನ ಆ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಬೆಳಗಿನ ಹೊತ್ತು ಏನು ನಡೆಯುತ್ತಿತ್ತೋ ನನಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ಟರು ಚಿತ್ರದುರ್ಗದಿಂದ, ನಾನು ಹೊಸದುರ್ಗದಿಂದ ಬರುತ್ತಿದ್ದವರು, ನಮ್ಮ ಬಸ್ಸುಗಳು ಊರು ಮುಟ್ಟುವುದು ಪ್ರಾರ್ಥನೆಯ ಹೊತ್ತಿಗೆ. ಆಕೆ ಮಾತ್ರ ಊರಲ್ಲೇ ಮನೆ ಮಾಡಿದ್ದರು.

ಗಣರಾಜ್ಯೋತ್ಸವದ ದಿನ ತಾಲ್ಲೂಕು ಮೈದಾನ ತುಂಬಿತ್ತು. ಆರಿಸಿದ ಮಕ್ಕಳನ್ನು ಹೆಡ್‌ಮಾಸ್ಟರು ಬಸ್ಸಿನಲ್ಲಿ ಕರೆತಂದು ಗೇಟಿನ ಒಳಗೆ ನಿಲ್ಲಿಸಿದ್ದರು. ನಮ್ಮ ಶಾಲೆಯ ಹೆಸರು ಕೂಗಿದರು. ಅಷ್ಟೊತ್ತಿಗೆ ಗೇಟಿನ ಹೊರಗೆ ಎರಡು ಟ್ರ್ಯಾಕ್ಟರು ಬಂದು ನಿಂತವು. ಟ್ರೇಲರಿನ ತುಂಬ ನಮ್ಮ ಸಮವಸ್ತ್ರ. ದಪ್ಪಗಿದ್ದವರು, ಉಬ್ಬಸದವರು, ಎಡಬಲ ಮರೆಯುವವರು ಒಬ್ಬೊಬ್ಬರಾಗಿ ಇಳಿದರು. ಚಂದ್ರಿಕಾಳನ್ನು ಅವಳ ಅಪ್ಪ ಎತ್ತಿ ಇಳಿಸಿದ. ಅವರು ಗೊಂದಲವಿಲ್ಲದೆ ತಮ್ಮ ತಮ್ಮ ಮೂಲೆಗೆ ಹೋಗಿ ನಿಂತರು. ಬೆಳಗಿನ ಹೊತ್ತು ಏನು ನಡೆಯುತ್ತಿತ್ತು ಅನ್ನುವುದು ಆಗ ನನಗೆ ತಿಳಿಯಿತು.

ಹೆಡ್‌ಮಾಸ್ಟರು ಓಡಿ ಬಂದರು. "ಏನ್ರಿ ಮೇಡಂ ಇದು?"

"ಹೊಸದೇ ಹಾಕ್ತೀನಿ ಅಂದಿದ್ನಲ್ಲ ಸರ್, ಹೊಸದೇ ಹಾಕ್ತೀನಿ" ಎಂದು ಆಕೆ ಮೈಕ್‌ಸೆಟ್ಟಿನ ಮೇಜಿನ ಹತ್ತಿರ ಹೋಗಿ ನಿಂತರು.

ಸಂಗೀತ ಶುರುವಾಯಿತು. ಕಹಳೆ, ನಗಾರಿ, ಅಡಿಯಲ್ಲಿ ಕೊಳಲು, ಇಡೀ ಮೈದಾನಕ್ಕೆ ಬೇರೆ ಬೇರೆಯಾಗಿ ಕೇಳಿತು. ಮುಂದಿನವರು ನಡುವಿಗೆ ಬಂದು ಚಕ್ರ ಕಟ್ಟಿದರು. ಡ್ರಿಲ್ ಮೇಡಂ ಕೈ ಚಾಚಿ ಸಂಗೀತ ಹಾಕಿದ್ದ ಮೊಬೈಲಿನ ಮೇಲೆ ಬೆರಳಿಟ್ಟರು. ಸಂಗೀತ ನಿಂತಿತು. ಎಲ್ಲರ ಕೈ ಮೇಲೆ ಹೋಯಿತು.

ಮೂಲೆಗಳಿಂದ ಉಳಿದವರು ಬರುತ್ತಿದ್ದರು. ಓಡುತ್ತಿರಲಿಲ್ಲ, ನಡೆದುಕೊಂಡು ಬರುತ್ತಿದ್ದರು.

"ಕರೆಂಟ್ ಹೋಯ್ತೇನೋ?" ಹೆಡ್‌ಮಾಸ್ಟರು ಮೈಕ್‌ಸೆಟ್ಟಿನವನನ್ನು ಕೇಳಿದರು.

"ಇಲ್ಲ ಸರ್, ಐತೆ."

"ಮತ್ತೆ ಹಾಕೋ."

ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. "ಮೇಡಂ ಹೇಳಬೇಕು ಸರ್."

"ಮೇಡಂ, ಟೈಮ್ ಹೋಗ್ತೈತ್ರಿ, ಪ್ರೈಜ್ ಹೋಗ್ತೈತ್ರಿ."

"ಇನ್ನೂ ಬರ್ತಾ ಅವ್ರೆ ಸರ್" ಎಂದರು ಆಕೆ. ಬೆರಳು ತೆಗೆಯಲಿಲ್ಲ.

ಅಷ್ಟರಲ್ಲಿ ನಮ್ಮೂರಿನವರು ಕೂತಿದ್ದ ಕಡೆ ಜನ ಎದ್ದು ನಿಂತರು. ಅವರನ್ನು ನೋಡಿ ಇಡೀ ಮೈದಾನ ಎದ್ದಿತು. ವೇದಿಕೆಯ ಮೇಲೆ ಹೊಸದಾಗಿ ಬಂದಿದ್ದ ತಹಶೀಲ್ದಾರರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ ತಾವೂ ಎದ್ದರು. ತಹಶೀಲ್ದಾರರು ಎದ್ದ ಮೇಲೆ ನಮ್ಮ ಹೆಡ್‌ಮಾಸ್ಟರು ಬಾಯಿ ಮುಚ್ಚಿ ನೆಟ್ಟಗೆ ನಿಲ್ಲದೆ ಬೇರೆ ದಾರಿ ಇರಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹಳೆಯ ಕ್ಯಾಸೆಟ್ಟಾಗಿದ್ದರೆ ಆಗಲೇ ಟಪ್ ಅಂದಿರುತ್ತಿತ್ತು. ಮುಂದಿನ ಸಾಲಿನವರ ಕೈಗಳು ನಡುಗುತ್ತಿದ್ದವು, ಒಬ್ಬರೂ ಇಳಿಸಲಿಲ್ಲ. ಚಂದ್ರಿಕಾ ಕೊನೆಯವಳಾಗಿ ಬಂದಳು. ತನ್ನ ಜಾಗದಲ್ಲಿ ನಿಂತು, ಕಾಲು ಸರಿಯಾಗಿ ಊರಿಕೊಂಡು, ಕೈ ಎತ್ತಿದಳು. ಆಗ ಮೇಡಂ ಬೆರಳು ಒತ್ತಿದರು. ಚಕ್ರ ತಿರುಗಿತು. ಅಷ್ಟು ಪೂರ್ತಿಯಾದ ಚಕ್ರವನ್ನು ನಾನು ಆ ಶಾಲೆಯಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ.

ಮುಗಿದಾಗ ಮೈದಾನ ಚಪ್ಪಾಳೆಯಿಂದ ತುಂಬಿಹೋಯಿತು. ತಹಶೀಲ್ದಾರರು ಮೈಕು ತೆಗೆದುಕೊಂಡು ಮೇಡಮ್ಮನ್ನೂ ಹೆಡ್‌ಮಾಸ್ಟರನ್ನೂ ವೇದಿಕೆಯ ಹತ್ತಿರ ಕರೆದರು. ನಾನೂ ಹಿಂದೆಯೇ ಹೋದೆ.

"ತುಂಬಾ ಚೆನ್ನಾಗಿತ್ತು. ಆ ಮೌನ ಯಾರ ಗೌರವಾರ್ಥ?"

"ಹುತಾತ್ಮರ ಗೌರವಾರ್ಥ ಸರ್" ಎಂದರು ಹೆಡ್‌ಮಾಸ್ಟರು, ಬಾಣ ಬಿಟ್ಟ ಹಾಗೆ. "ನಮ್ಮ ಶಾಲೆಯ ಪದ್ಧತಿ."

ತಹಶೀಲ್ದಾರರು ತೀರ್ಪುಗಾರರ ಕಡೆ ತಿರುಗಿದರು. "ಹಾಗಾದರೆ ಆ ಹೊತ್ತನ್ನು ಸಮಯದ ಲೆಕ್ಕಕ್ಕೆ ಹಿಡಿಯಬೇಡಿ." ತೀರ್ಪುಗಾರರು ತಲೆಯಾಡಿಸಿದರು. ಪೆನ್ನುಗಳು ಹಾಳೆಯ ಮೇಲೆ ಬಂದವು. ಇಷ್ಟು ವರ್ಷದ ಆಸೆ ಆಕೆಯ ಕೈಗೆಟುಕುವಷ್ಟು ದೂರದಲ್ಲಿತ್ತು. ಹೂಂ ಅನ್ನು ಅಕ್ಕ, ಒಂದೇ ಒಂದು ಹೂಂ, ಯಾರಿಗೂ ನಷ್ಟವಿಲ್ಲ, ಅಂತ ಲೆಕ್ಕವನ್ನಷ್ಟೇ ನಂಬುವ 'ಗಣಿತ' ಆಗಿಯೂ ನಾನು ದೇವರನ್ನು ಬೇಡಿಕೊಂಡೆ.

"ಅಲ್ವಾ ಮೇಡಂ?" ಎಂದು ತಹಶೀಲ್ದಾರರು ಮೈಕನ್ನು ಆಕೆಯ ಮುಂದೆ ಹಿಡಿದರು.

"ಅಲ್ಲ ಸರ್" ಎಂದರು ಆಕೆ. ಇಡೀ ಮೈದಾನಕ್ಕೆ ಕೇಳಿಸಿತು. "ಅದು ಕೊನೇ ಸಾಲಿನ ಮಕ್ಕಳಿಗೆ ಸರ್. ಅವರು ಬಂದು ಸೇರ್ಕಳಾಕೆ ಅಷ್ಟು ಹೊತ್ತು ಬೇಕು. ಎಲ್ಲಾರೂ ಎದ್ದು ನಿಂತಿದ್ದು ಅವರಿಗೇ."

ತಹಶೀಲ್ದಾರರು ಮೈಕು ಕೆಳಗಿಳಿಸಿದರು. ತೀರ್ಪುಗಾರರಲ್ಲೊಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಹೆಡ್‌ಮಾಸ್ಟರ ಮುಖ ಸುಣ್ಣವಾಗಿತ್ತು. "ಆಯ್ತಲ್ಲ, ಎಲ್ಲಾ ತೊಳ್ಕಂಡ್ರಲ್ಲ. ಇನ್ನಾದ್ರೂ ಬೇಗ ಮೈದಾನ ಖಾಲಿ ಮಾಡ್ಸ್ರಿ, ಮುಂದಿನ ಸ್ಕೂಲ್ನೋರು ಬರ್ಬೇಕು" ಎಂದು ಹಲ್ಲು ಕಡಿದರು.

ಆಕೆ ಮೈದಾನದ ನಡುವಿಗೆ ನಡೆದುಹೋಗಿ ವಿಷಲ್ಲು ಊದಿದರು.

"ಕೊನೇ ಸಾಲಿನೋರು ಮುಂದೆ ಬರ್ರಿ. ಚಂದ್ರಿಕಾ, ನೀನು ಮೊದ್ಲು. ಉಳಿದೋರು ಅವಳ ಹಿಂದೆ. ಹೋಗಾಣ."

ಇಡೀ ಶಾಲೆ ಚಂದ್ರಿಕಾಳ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು, ವೇದಿಕೆಯ ಮುಂದೆ, ತೀರ್ಪುಗಾರರ ಮುಂದೆ, ಹೆಡ್‌ಮಾಸ್ಟರ ಮುಂದೆ ಮೆಲ್ಲಗೆ ಹಾದುಹೋಯಿತು. ಮುಂದಿನ ಶಾಲೆಯವರು ಗೇಟಿನಲ್ಲಿ ಕಾಯುತ್ತ ನಿಂತಿದ್ದರು.

ಕಾಯಲಿ.